ಬಣ್ಣಕ್ಕಿಂತ ಮೊದಲು ಕೆನ್ನೆ

ಮಾನ್ಯ ಸಂಪಾದಕರೇ,

ರೈಫಲ್‌ನ ಹಳೆಯ ಸ್ಟಾಕ್ ಬಿರುಕು ಬಿಟ್ಟಿತೆಂದೋ, ನೋಡಿ ನೋಡಿ ಬೇಸರವಾಯಿತೆಂದೋ ಹೊಸದನ್ನು ಹುಡುಕಲು ಕೂತವರು ಮೊದಲು ಕೇಳುವುದು ಬಣ್ಣವನ್ನು. ಕಂದು ಚೆಂದವೋ ಕಪ್ಪು ಚೆಂದವೋ, ಬೂದು ಪಟ್ಟೆಯ ಲ್ಯಾಮಿನೇಟ್ ಒಪ್ಪುತ್ತದೆಯೋ, ಹೆಬ್ಬೆರಳು ತೂರಿಸುವ ಮಾದರಿ ಹೇಗಿರುತ್ತದೆ ಎಂಬ ಮಾತುಗಳೆಲ್ಲ ಮುಗಿದ ಮೇಲೆ ಅಳತೆಯ ನೆನಪಾಗುತ್ತದೆ. ಅಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ. ಸ್ಟಾಕ್ ಎಂದರೆ ನಳಿಗೆಯನ್ನೂ, ಗುಂಡು ತುಂಬಿ ಹಾರಿಸುವ ಯಂತ್ರಭಾಗವಾದ ಆ್ಯಕ್ಷನ್ನನ್ನೂ ಹೊತ್ತುಕೊಂಡು ಭುಜಕ್ಕೆ, ಕೆನ್ನೆಗೆ, ಎರಡು ಕೈಗಳಿಗೆ ತಾಗುವ ಭಾಗ. ಅದು ಮೈಗೆ ಹೊಂದಬೇಕು, ಕಬ್ಬಿಣಕ್ಕೂ ಹೊಂದಬೇಕು. ಇವೆರಡೂ ಆದ ಮೇಲೆ ಬಣ್ಣ. ಹಾಗೆಂದು ಬಣ್ಣ ಬರೀ ಶೋಕಿಯೂ ಅಲ್ಲ, ಅದಕ್ಕೂ ಕೆಲವು ಲೆಕ್ಕಗಳಿವೆ. ಈ ಕ್ರಮದಲ್ಲೇ ಬರೆಯುತ್ತೇನೆ, ಸ್ವಲ್ಪ ಉದ್ದವಾದರೆ ಮನ್ನಿಸಿ.

ಮೊದಲು ಕೆನ್ನೆಯ ವಿಚಾರ. ಸ್ಟಾಕಿನ ಮೇಲಂಚಿಗೆ, ಅಂದರೆ ಕೆನ್ನೆ ಕೂರುವ ಏಣಿಗೆ, ಕೋಂಬ್ ಎನ್ನುತ್ತಾರೆ. ಹಳೆಯ ರೈಫಲ್‌ಗಳ ಕೋಂಬ್ ತಗ್ಗಾಗಿರುವುದು ಸಹಜ, ಏಕೆಂದರೆ ಅವನ್ನು ನಳಿಗೆಗೆ ಅಂಟಿದಂತಿರುವ, ಮಸೂರವಿಲ್ಲದ ಗುರಿಗುರುತಾದ ಐರನ್ ಸೈಟ್‌ಗಾಗಿ ಮಾಡಿದ್ದರು. ಅದೇ ರೈಫಲ್ ಮೇಲೆ ಟೆಲಿಸ್ಕೋಪ್ ಕೂರಿಸಿದರೆ ನೋಟದ ರೇಖೆ ನಳಿಗೆಯ ನಡುವಿನಿಂದ ಸುಮಾರು 38 ಮಿ.ಮೀ. ಅಥವಾ ಇನ್ನೂ ಮೇಲಕ್ಕೆ ಹೋಗುತ್ತದೆ. ಆಗ ಕೆನ್ನೆಯನ್ನು ಮರದಿಂದ ಎತ್ತಿ, ಗದ್ದವನ್ನಷ್ಟೇ ಊರಿ ನೋಡಬೇಕಾಗುತ್ತದೆ. ತಲೆ ಪ್ರತಿ ಸಲವೂ ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತದೆ, ಗುಂಡುಗಳು ಚೆದುರುತ್ತವೆ, ಬೈಗುಳ ಮಾತ್ರ ನಳಿಗೆಗೆ.

ಪರೀಕ್ಷೆ ಸುಲಭ. ಗುಂಡು ಪೂರ್ತಿ ತೆಗೆದು, ಗುಂಡನ್ನು ಗೂಡಿಗೆ ತಳ್ಳಿ ಮುಚ್ಚುವ ಸರಳನ್ನು, ಅಂದರೆ ಬೋಲ್ಟನ್ನು, ಹೊರಗೆಳೆದು, ನಳಿಗೆಯ ಗೂಡು ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಕಣ್ಣು ಮುಚ್ಚಿ ರೈಫಲ್ ಭುಜಕ್ಕಿಟ್ಟು, ಕೆನ್ನೆಯನ್ನು ಆರಾಮವಾಗಿ ಇಳಿಬಿಟ್ಟು, ಆಮೇಲೆ ಕಣ್ಣು ತೆರೆಯಿರಿ. ಟೆಲಿಸ್ಕೋಪಿನಲ್ಲಿ ದುಂಡಗೆ ಪೂರ್ತಿ ಚಿತ್ರ ಕಂಡರೆ ಸರಿ. ಅಂಚಿನಲ್ಲಿ ಕಪ್ಪು ಕುಡುಗೋಲಿನಂಥ ನೆರಳು ಕಂಡು, ಅದನ್ನು ಹೋಗಲಾಡಿಸಲು ತಲೆ ಎತ್ತಬೇಕಾದರೆ ಕೋಂಬ್ ತಗ್ಗಾಗಿದೆ. ಹಳೆಯ ಸ್ಟಾಕಿನ ಮೇಲೆ 3 ಮಿ.ಮೀ. ದಪ್ಪದ ರಬ್ಬರ್ ಹಾಳೆಯ ತುಂಡುಗಳನ್ನು ಒಂದರ ಮೇಲೊಂದು ಟೇಪಿನಿಂದ ಸುತ್ತುತ್ತಾ ಹೋಗಿ. ನೆರಳು ಮಾಯವಾದಾಗ ಎಷ್ಟು ತುಂಡುಗಳಿವೆಯೋ ಎಣಿಸಿ. ಮೂರಿದ್ದರೆ ಹೊಸ ಸ್ಟಾಕಿನ ಕೋಂಬ್ ಹಳೆಯದಕ್ಕಿಂತ 9 ಮಿ.ಮೀ. ಎತ್ತರ ಇರಬೇಕು. ಈ ಒಂದು ಅಂಕಿ ಕೈಯಲ್ಲಿದ್ದರೆ ಮಾರಾಟ ಪಟ್ಟಿಯ ಅರ್ಧಕ್ಕರ್ಧ ಮಾದರಿಗಳು ತಾವಾಗಿ ಉದುರಿಹೋಗುತ್ತವೆ. ಎತ್ತರ ಇದೆಯೆಂದು ವಿಪರೀತ ಎತ್ತರದ್ದನ್ನೂ ತರಬಾರದು. ಬೋಲ್ಟ್ ಹಿಂದಕ್ಕೆ ಎಳೆದಾಗ ಅದರ ಬಾಲ ಕೋಂಬಿನ ಮೂಗಿಗೆ ಬಡಿಯುತ್ತದೆ, ಸ್ವಚ್ಛ ಮಾಡಲು ಬೋಲ್ಟ್ ಹೊರಗೇ ಬರುವುದಿಲ್ಲ. ಕೋಂಬ್ ಎತ್ತಿ ಇಳಿಸುವ ವ್ಯವಸ್ಥೆಯಿರುವ ಸ್ಟಾಕ್‌ಗಳಲ್ಲಿ ಈ ತೊಂದರೆ ಹೆಚ್ಚು.

ಎರಡನೆಯದು ಉದ್ದ. ಟ್ರಿಗರ್‌ನ ಮುಖದಿಂದ ಬಟ್ಟಿನ, ಅಂದರೆ ಭುಜಕ್ಕೆ ಒರಗುವ ಹಿಂಭಾಗದ, ನಡುವಿನವರೆಗಿನ ಅಂತರವನ್ನು ಲೆಂತ್ ಆಫ್ ಪುಲ್ ಎನ್ನುತ್ತಾರೆ. ಕಾರ್ಖಾನೆಯಿಂದ ಬರುವ ಹೆಚ್ಚಿನ ರೈಫಲ್‌ಗಳಲ್ಲಿ ಇದು 13.5 ಇಂಚಿನ ಆಸುಪಾಸು, ಅಂದರೆ ಸುಮಾರು 34 ಸೆಂ.ಮೀ. ಬಟ್ಟನ್ನು ಮೊಣಕೈಯ ಮಡಿಕೆಗೆ ಇಟ್ಟು ಬೆರಳು ಟ್ರಿಗರ್‌ಗೆ ಎಟಕುತ್ತದೆಯೇ ಎಂದು ನೋಡುವ ರೂಢಿ ಅಂದಾಜಿಗೆ ಸಾಕು, ಅದನ್ನೇ ನಂಬಿ ಮರ ಕೊಯ್ಯಬೇಡಿ. ಕತ್ತಿನ ಉದ್ದ, ಎದೆಯ ಅಗಲ, ಹಾಕಿಕೊಳ್ಳುವ ಜಾಕೆಟ್‌ನ ದಪ್ಪ ಯಾವುದೂ ಮೊಣಕೈಗೆ ತಿಳಿಯದು. ರೈಫಲ್ ಭುಜಕ್ಕೇರಿಸಿದಾಗ ಹೆಬ್ಬೆರಳಿನ ಗೆಣ್ಣಿಗೂ ಮೂಗಿಗೂ ನಡುವೆ ಎರಡರಿಂದ ಮೂರು ಬೆರಳು ಜಾಗ ಉಳಿಯಬೇಕು. ಉಳಿಯದಿದ್ದರೆ ಬಂದೂಕು ಒದ್ದಾಗ ಗೆಣ್ಣು ಮೂಗನ್ನು ಹುಡುಕಿಕೊಂಡು ಬರುತ್ತದೆ. ಉದ್ದ ಹೆಚ್ಚಾದರೆ ಬಟ್ಟು ಕಂಕುಳ ಹತ್ತಿರ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅನುಮಾನವಿದ್ದರೆ ಗಿಡ್ಡದ್ದನ್ನೇ ಕೊಂಡು ಹಿಂದೆ ಉದ್ದ ಹೆಚ್ಚಿಸುವ ಬಿಲ್ಲೆ (ಸ್ಪೇಸರ್) ಸೇರಿಸುವುದು ಮೇಲು.

ಈ ವಿಷಯದಲ್ಲಿ ಹಳೆಯ ಸೈನ್ಯದವರು ಇಂದಿನ ಮಾರಾಟಗಾರರಿಗಿಂತ ಜಾಣರು. ಲೀ-ಎನ್‌ಫೀಲ್ಡ್ ರೈಫಲ್‌ನ ಬಟ್ಟುಗಳು ಬ್ಯಾಂಟಮ್, ಶಾರ್ಟ್, ನಾರ್ಮಲ್, ಲಾಂಗ್ ಎಂಬ ನಾಲ್ಕು ಉದ್ದಗಳಲ್ಲಿ, ಒಂದಕ್ಕೊಂದು ಅರ್ಧ ಇಂಚಿನ ಅಂತರದಲ್ಲಿ ಬರುತ್ತಿದ್ದವು. ಬಟ್ಟು ಬೇರೆಯೇ ತುಂಡು, ಒಳಗೊಂದು ಉದ್ದನೆಯ ತಿರುಪು, ಅದನ್ನು ಬಿಚ್ಚಿದರೆ ಬದಲಾವಣೆ ಆಯಿತು. ಯಾರ ಕೈ ಎಷ್ಟುದ್ದವೋ ಅಷ್ಟುದ್ದದ ಬಟ್ಟು. ಚೆಂದದ ಪ್ರಶ್ನೆಯೇ ಅಲ್ಲಿ ಇರಲಿಲ್ಲ.

ಇನ್ನು ಶೈಲಿಗೆ ಬರೋಣ. ಕ್ಲಾಸಿಕ್ ಎಂಬ ಮಾದರಿಯಲ್ಲಿ ಕೋಂಬ್ ನೇರವಾಗಿ, ನಳಿಗೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುತ್ತದೆ. ಒದೆತ ನೇರ ಭುಜಕ್ಕೆ ಹೋಗುತ್ತದೆ, ಕೆನ್ನೆಗೆ ಪೆಟ್ಟಿಲ್ಲ. ಏನೂ ತೋಚದವರು ಇದನ್ನು ಆರಿಸಿದರೆ ಪಶ್ಚಾತ್ತಾಪ ಪಡಲಾರರು. ಮಾಂಟೆ ಕಾರ್ಲೋ ಮಾದರಿಯಲ್ಲಿ ಕೆನ್ನೆಯ ಜಾಗ ಎದ್ದಿದ್ದು ಹಿಮ್ಮಡಿಯ, ಅಂದರೆ ಬಟ್ಟಿನ ಮೇಲ್ತುದಿಯ ಕಡೆ ತಟ್ಟನೆ ಇಳಿಯುತ್ತದೆ. ಕಣ್ಣು ಟೆಲಿಸ್ಕೋಪಿಗೆ ಏರಬೇಕು, ಬಟ್ಟು ಭುಜದಲ್ಲಿ ಮೊದಲಿನ ಜಾಗದಲ್ಲೇ ಉಳಿಯಬೇಕು ಎಂಬುದಕ್ಕೆ ಇದು ಉತ್ತರ. ಕೊಳ್ಳುವಾಗ ಒಂದನ್ನು ಗಮನಿಸಿ: ಆ ಎದ್ದ ಭಾಗ ಮುಂದಕ್ಕೆ ಹೋದಂತೆ ಇಳಿಜಾರಾಗಿರಬೇಕು. ಹಾಗಿದ್ದರೆ ರೈಫಲ್ ಹಿಂದಕ್ಕೆ ಸರಿದಾಗ ಮರ ಕೆನ್ನೆಯಿಂದ ಜಾರಿ ದೂರವಾಗುತ್ತದೆ. ಮುಂದಕ್ಕೆ ಏರುಮುಖವಾಗಿದ್ದರೆ ಪ್ರತಿ ಗುಂಡಿಗೂ ಕೆನ್ನೆಮೂಳೆಗೆ ಒಂದು ಏಟು.

ಹೆಬ್ಬೆರಳು ತೂರಿಸುವ ಥಂಬ್‌ಹೋಲ್ ಸ್ಟಾಕ್ ಫೋಟೋದಲ್ಲಿ ಗೆಲ್ಲುತ್ತದೆ. ನಿಧಾನವಾಗಿ ಗುರಿಯಿಟ್ಟು ಹೊಡೆಯುವವರಿಗೆ ಮಣಿಕಟ್ಟು ನಿಜವಾಗಿಯೂ ಹಗುರಾಗುತ್ತದೆ. ಆದರೆ ಸೇಫ್ಟಿ ಮುಟ್ಟಲು, ಬೋಲ್ಟ್ ಎಳೆಯಲು ಪ್ರತಿ ಸಲವೂ ಹೆಬ್ಬೆರಳನ್ನು ರಂಧ್ರದಿಂದ ಹೊರಗೆ ತೆಗೆಯಬೇಕು. ಎಡಗೈಯವರಿಗೆ ಬಲಗೈ ಮಾದರಿ ಬರುವುದೇ ಇಲ್ಲ. ಸ್ಪರ್ಧೆಗೆಂದು ಕೊಳ್ಳುವವರು ಮೊದಲು ನಿಯಮ ಓದಿಕೊಳ್ಳಲಿ: 10 ಮೀಟರ್ ಏರ್ ರೈಫಲ್‌ಗೆ ಅಂತರರಾಷ್ಟ್ರೀಯ ನಿಯಮದಲ್ಲಿ 5.5 ಕಿಲೋ ತೂಕದ ಮಿತಿಯಿದೆ, ಥಂಬ್‌ಹೋಲ್‌ಗೆ ಅವಕಾಶವೇ ಇಲ್ಲ. ಮರಳುಚೀಲದ ಮೇಲಿಟ್ಟು ಹೊಡೆಯುವವರಿಗೆ ಮುಂಭಾಗ ಅಗಲವಾಗಿ, ಅಡಿ ಸಪಾಟಾಗಿರುವ ವಾರ್ಮಿಂಟ್ ಮಾದರಿ. ಅದನ್ನು ದಿನವಿಡೀ ಹೆಗಲಿಗೆ ಹಾಕಿಕೊಂಡು ನಡೆದವರು ಎರಡನೇ ದಿನ ಹಳೆಯ ಸ್ಟಾಕನ್ನೇ ಹುಡುಕುತ್ತಾರೆ. ನಳಿಗೆಯ ತುದಿಯವರೆಗೂ ಮರ ಹೋಗುವ ಮ್ಯಾನ್‌ಲಿಖರ್ ಮಾದರಿ ಎಲ್ಲಕ್ಕಿಂತ ಚೆಲುವಿ, ಎಲ್ಲಕ್ಕಿಂತ ಹಟಮಾರಿಯೂ ಹೌದು. ಅಷ್ಟುದ್ದದ ತೆಳು ಮರ ತೇವಕ್ಕೆ ಕೊಂಚ ಬಾಗಿದರೂ ನಳಿಗೆಯನ್ನು ಒತ್ತುತ್ತದೆ, ಗುರಿ ಸರಿಯುತ್ತದೆ. ಮಡಚುವ ಸ್ಟಾಕ್‌ಗಳ ಗೊಡವೆಗೆ ಹೋಗುವ ಮುನ್ನ ಅದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ ಎಂದು ಲೈಸೆನ್ಸ್ ಕೊಡುವವರಲ್ಲೇ ವಿಚಾರಿಸಬೇಕು.

ಕಬ್ಬಿಣಕ್ಕೆ ಹೊಂದಿಕೆಯಲ್ಲಿ ಎಡವುವವರೇ ಹೆಚ್ಚು. ಕಂಪನಿಯ ಹೆಸರು ಹೇಳಿದರೆ ಸಾಲದು. ಆ್ಯಕ್ಷನ್ ಉದ್ದದ್ದೋ ಗಿಡ್ಡದ್ದೋ, ಬೋಲ್ಟ್ ಎಡಕ್ಕೋ ಬಲಕ್ಕೋ, ಗುಂಡು ತುಂಬಿಡುವ ಮ್ಯಾಗಜೀನ್ ಕೆಳಗೆ ಬಾಗಿಲು ತೆರೆಯುವಂಥದ್ದೋ ಕಳಚಿ ತೆಗೆಯುವಂಥದ್ದೋ ಅಡಿ ಮುಚ್ಚಿದ್ದೋ, ನಳಿಗೆಯ ದಪ್ಪ ಎಷ್ಟು ಎಂಬ ನಾಲ್ಕೂ ಗೊತ್ತಿರಬೇಕು. ರೂಗರ್ 10/22 ರೈಫಲ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ಸ್ಕ್ರೂ ಬಿಚ್ಚಿ, ಮುಂದಿನ ಬ್ಯಾಂಡ್ ಸಡಿಲಿಸಿದರೆ ಸ್ಟಾಕ್ ಕೈಗೆ ಬರುತ್ತದೆ, ಹಾಗಾಗಿ ಎಲ್ಲರೂ ಬದಲಿಸುತ್ತಾರೆ. ಆದರೆ ಅದರ ಸ್ಟಾಕ್‌ಗಳು ಮಾಮೂಲಿ ತೆಳು ನಳಿಗೆಗೆ ಒಂದು ಬಗೆ, 0.920 ಇಂಚಿನ ದಪ್ಪ ನಳಿಗೆಗೆ ಇನ್ನೊಂದು ಬಗೆ. ದಪ್ಪದ್ದರಲ್ಲಿ ತೆಳು ನಳಿಗೆ ಇಟ್ಟರೆ ಎರಡೂ ಬದಿಗೆ ಚರಂಡಿಯಂಥ ಸಂದು. ತೆಳುವಿನದರಲ್ಲಿ ದಪ್ಪ ನಳಿಗೆ ಕೂರುವುದಿಲ್ಲ. ದುಂಡು ಕೋಲಿಗೆ ಉಪ್ಪುಕಾಗದ ಸುತ್ತಿ ನಳಿಗೆ ಕೂರುವ ಕಾಲುವೆಯನ್ನು ಅಗಲ ಮಾಡಬಹುದು, ಮರದಲ್ಲಿ ಮಾತ್ರ. ತೆಳು ಪ್ಲಾಸ್ಟಿಕ್ಕಿನಲ್ಲಿ ಹಾಗೆ ಕೆರೆದರೆ ಗೋಡೆಯೇ ಸವೆದು ಮುಂಭಾಗ ಇನ್ನಷ್ಟು ಬಳುಕುತ್ತದೆ.

ಸಾಮಗ್ರಿ ಮೂರು ಬಗೆ. ಮರಗಳಲ್ಲಿ ಅಕ್ರೋಟ್‌ಗೆ ಮೊದಲ ಮಣೆ. ಅದು ಗಟ್ಟಿ, ಆದರೆ ಉಳಿಗೆ ಒಲಿಯುತ್ತದೆ, ಒದೆತಕ್ಕೆ ಸೀಳುವುದು ಕಡಿಮೆ. ಮರ ಆರಿಸುವಾಗ ಬಣ್ಣವನ್ನೂ ಚಿತ್ತಾರವನ್ನೂ ಬಿಟ್ಟು ಹಿಡಿಕೆಯ ಸಣ್ಣ ಸೊಂಟವನ್ನು ನೋಡಿ. ನಾರು ಆ ಸೊಂಟದ ಉದ್ದಕ್ಕೂ ಹರಿದಿರಬೇಕು. ಅಡ್ಡಕ್ಕೆ ಓರೆಯಾಗಿ ಕತ್ತರಿಸಿಕೊಂಡು ಹೋಗಿದ್ದರೆ ಅದು ಎಷ್ಟೇ ಚೆಂದದ ತುಂಡಾದರೂ ಒಂದು ದಿನ ಒದೆತಕ್ಕೋ, ಕೈಜಾರಿ ಬಿದ್ದ ಪೆಟ್ಟಿಗೋ ಅಲ್ಲೇ ಮುರಿಯುತ್ತದೆ. ಸುಳಿ, ಗಂಟು, ಹುಲಿಪಟ್ಟೆಗಳೆಲ್ಲ ಬಟ್ಟಿನಲ್ಲಿರಲಿ. ಮುಂಭಾಗದಲ್ಲಿ ನೇರ, ಸಪ್ಪೆ ನಾರೇ ಬೇಕು. ಚಿತ್ತಾರವಿದ್ದಲ್ಲಿ ನಾರು ತಿರುಚಿರುತ್ತದೆ, ತಿರುಚಿದ ನಾರು ತೇವ ಹೀರಿದಾಗ ತನಗೆ ತೋಚಿದ ಕಡೆ ಬಾಗುತ್ತದೆ. ಕಪ್ಪು ಅಕ್ರೋಟ್ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಸುಮಾರು 7.8 ಶೇಕಡ, ತಿರುಳಿನಿಂದ ತೊಗಟೆಯ ದಿಕ್ಕಿಗೆ ಸುಮಾರು 5.5 ಶೇಕಡ ಕುಗ್ಗುತ್ತದೆ. ಎರಡೂ ದಿಕ್ಕು ಒಂದೇ ಸಮ ಕುಗ್ಗದಿರುವುದರಿಂದಲೇ ಸೊಟ್ಟಗಾಗುವುದು. ಚೆನ್ನಾಗಿ ಒಣಗಿದ ಮರವೇ ಬೇಕೆನ್ನುವುದು ಇದಕ್ಕೆ. ಹಾಗೆಂದು ಅವಸರದಲ್ಲಿ ಒಣಗಿಸಿದ್ದೂ ಕೆಡುಕೇ. 1960ರ ದಶಕದಲ್ಲಿ ಉಪ್ಪು ಬಳಸಿ ಹದಮಾಡಿದ ಅಕ್ರೋಟ್‌ನ ಸ್ಟಾಕ್‌ಗಳು ಬಂದವು. ಮರದೊಳಗಿನ ಉಪ್ಪು ತೇವ ಎಳೆದುಕೊಂಡು, ಹೊರಗಿನಿಂದ ಥಳಥಳಿಸುತ್ತಿದ್ದ ಬಂದೂಕುಗಳ ನಳಿಗೆಯನ್ನು ಮರದಡಿಯಲ್ಲಿ ತುಕ್ಕು ಹಿಡಿಸಿತ್ತು. ಆ ಕಾಲದ ಸ್ಟಾಕ್ ಕೊಳ್ಳುವವರು ಇಂದಿಗೂ ಸ್ಕ್ರೂ ಬಿಚ್ಚಿ ಕೆಳಗೆ ನೋಡದೆ ಕೊಳ್ಳಬಾರದು.

ಲ್ಯಾಮಿನೇಟ್ ಎಂದರೆ ಬಣ್ಣದಲ್ಲಿ ಅದ್ದಿದ ಬರ್ಚ್ ಮರದ ತೆಳು ಪದರಗಳನ್ನು, ಒಂದೊಂದೂ ಸುಮಾರು 1.5 ಮಿ.ಮೀ., ರಾಳದಿಂದ ಒತ್ತಿ ಅಂಟಿಸಿದ ದಿಮ್ಮಿ. ಒಂದು ಪದರ ಬಾಗಲು ಹೊರಟರೆ ಪಕ್ಕದ್ದು ಬಿಡುವುದಿಲ್ಲ, ಹಾಗಾಗಿ ಮಳೆಗಾಲಕ್ಕೂ ಬೇಸಿಗೆಗೂ ಗುರಿ ಅಷ್ಟಾಗಿ ಬದಲಾಗದು. ಎರಡನೇ ಮಹಾಯುದ್ಧದ ಜರ್ಮನ್ ಮೌಸರ್ ರೈಫಲ್‌ಗಳಲ್ಲೇ ಅಕ್ರೋಟ್ ಜಾಗಕ್ಕೆ ಪದರುಮರ ಬಂದಿತ್ತು. ತೊಂದರೆ ತೂಕದ್ದು. ಮಾಮೂಲಿ ಮರಕ್ಕಿಂತ ಕಾಲು ಕಿಲೋ, ಕೆಲವು ಮಾದರಿಗಳಲ್ಲಿ ಅದಕ್ಕಿಂತಲೂ ಹೆಚ್ಚು ಭಾರ. ಭಾರವೆಂದರೆ ನಷ್ಟವೇ ಅಲ್ಲ: 3 ಕಿಲೋ ರೈಫಲ್‌ನಲ್ಲಿ 400 ಗ್ರಾಂ ಇಳಿಸಿದರೆ ಅದೇ ಗುಂಡಿಗೆ ಒದೆತದ ಶಕ್ತಿ ಸುಮಾರು 15 ಶೇಕಡ ಏರುತ್ತದೆ. ಕಾರ್ಬನ್ ಫೈಬರ್ ಸ್ಟಾಕ್ ಹಗುರ ಎಂದು ಖುಷಿಪಡುವವರಿಗೆ ಈ ಲೆಕ್ಕವನ್ನೂ ಯಾರಾದರೂ ಹೇಳಬೇಕು.

ಸಿಂಥೆಟಿಕ್‌ನಲ್ಲಿ ಎರಡು ಜಾತಿ, ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಅಚ್ಚಿನಲ್ಲಿ ಸುರಿದ ಪ್ಲಾಸ್ಟಿಕ್ ಅಗ್ಗ, ನೀರಿಗೆ ಜಗ್ಗದು. ಆದರೆ ಮುಂಭಾಗ ಬಳುಕುತ್ತದೆ. ಅಂಗಡಿಯಲ್ಲೇ ಮುಂತುದಿಯನ್ನೂ ನಳಿಗೆಯನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡಿ. ಸಂದು ಮುಚ್ಚಿಕೊಂಡರೆ ಮುಂದೆ ಎರಡು ಕಾಲಿನ ಆಸರೆ (ಬೈಪಾಡ್) ಹಾಕಿದಾಗಲೂ ಹಾಗೇ ಮುಚ್ಚಿಕೊಳ್ಳುತ್ತದೆ. ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಬಟ್ಟೆಯನ್ನು ರಾಳದಲ್ಲಿ ಅದ್ದಿ ಕೈಯಲ್ಲಿ ಹಾಸಿದ್ದು ಇನ್ನೊಂದು ಜಾತಿ. ಅದು ಕಲ್ಲಿನಂತೆ ಗಟ್ಟಿ, ಬೆಲೆಯೂ ಅದಕ್ಕೆ ತಕ್ಕಂತೆ.

ಈಗ ಬಣ್ಣ. ಅಕ್ರೋಟ್ ಆರಿಸಿದವರಿಗೆ ಬಣ್ಣ ಮರವೇ ಕೊಟ್ಟಿರುತ್ತದೆ, ಮಾಡಬೇಕಾದ್ದು ಅದನ್ನು ಕೆಡಿಸದಿರುವುದು. ಬೋಳು ಮರ ಎಣ್ಣೆ ಕುಡಿದ ಮೇಲೆ ಹೇಗೆ ಕಾಣುತ್ತದೆ ಎಂದು ಮುಂಚೆಯೇ ತಿಳಿಯಲು ಬಟ್ಟೆಯಲ್ಲಿ ಟರ್ಪೆಂಟೈನ್ ಅದ್ದಿ ಒಂದು ಕಡೆ ಒರೆಸಿ. ಒದ್ದೆಯಿರುವ ಆ ಒಂದೆರಡು ನಿಮಿಷ ಕಾಣುವ ಬಣ್ಣವೇ ಹೆಚ್ಚುಕಡಿಮೆ ಕೊನೆಯ ಬಣ್ಣ, ಆಮೇಲೆ ಅದು ಆರಿಹೋಗುತ್ತದೆ. ಬೀಚ್ ಮತ್ತು ಬರ್ಚ್ ಮರಗಳಿಗೆ ಕಂದು ಬಣ್ಣ ಬಳಿದು ಅಕ್ರೋಟ್ ಮಾಡಲು ಹೊರಟರೆ ಅಲ್ಲಲ್ಲಿ ಕಪ್ಪು ಮಚ್ಚೆ ಏಳುತ್ತದೆ, ನಾರಿನ ತುದಿ ತೆರೆದಿರುವಲ್ಲಿ ಬಣ್ಣ ಜಾಸ್ತಿ ಇಳಿಯುವುದೇ ಕಾರಣ. ಮೊದಲು ತೆಳುವಾಗಿ ಕರಗಿಸಿದ ಅರಗಿನ ಒಂದು ಲೇಪ ಕೊಟ್ಟು, ಒಣಗಿದ ಮೇಲೆ ಬಣ್ಣ ಹಾಕಿದರೆ ಸಮನಾಗುತ್ತದೆ. ಏನೇ ಆದರೂ ಮೊದಲ ಪ್ರಯೋಗ ನಳಿಗೆಯ ಕಾಲುವೆಯೊಳಗೆ ನಡೆಯಲಿ, ಹೊರಮೈ ಮೇಲಲ್ಲ.

ಲ್ಯಾಮಿನೇಟ್‌ನಲ್ಲಿ ಬಣ್ಣ ಪದರದೊಳಗೇ ಇಳಿದಿರುವುದರಿಂದ ಗೀರು ಬಿದ್ದರೂ ಬಿಳಿ ಹಲ್ಲು ಕಿರಿಯದು. ಕೆಂಪು, ನೀಲಿಯಂಥ ಗಾಢ ಬಣ್ಣಗಳು ಬಿಸಿಲಿಗೆ ಮಾಸುವುದು ಬೇಗ. ಬೂದು, ಕಂದು ಹೆಚ್ಚು ಕಾಲ ತಾಳುತ್ತವೆ. ಸ್ಟೇನ್‌ಲೆಸ್ ನಳಿಗೆಗೆ ಬೂದು ಕಪ್ಪು ಪಟ್ಟೆ, ನೀಲಿಗಪ್ಪು ಉಕ್ಕಿಗೆ ಕಂದು ಒಪ್ಪುತ್ತವೆ ಎನ್ನುವುದು ನನ್ನ ಕಣ್ಣಿನ ತೀರ್ಪು, ಜಗಳಕ್ಕೆ ಬರುವವರು ಬರಬಹುದು. ಬಿಸಿಲಲ್ಲಿ ಗಂಟೆಗಟ್ಟಲೆ ಕೂರುವವರಿಗೆ ಕಪ್ಪು ಪ್ಲಾಸ್ಟಿಕ್ ಸಲ್ಲದು, ಕೆನ್ನೆಗೆ ಕಾದ ಹೆಂಚು ತಾಗಿದಂತಾಗುತ್ತದೆ. ತಿಳಿ ಬೂದೋ ಮಣ್ಣಿನ ಬಣ್ಣವೋ ಇರಲಿ. ಹೊಳಪಿನ ಪಾಲಿಶ್ ಬೆಳಕನ್ನು ಕಣ್ಣಿಗೂ ಎಸೆಯುತ್ತದೆ, ದೂರಕ್ಕೂ ಎಸೆಯುತ್ತದೆ.

ಕಾಡಿನಲ್ಲಿ ಕಣ್ಣಿಗೆ ಬೀಳದಿರಲೆಂದು ಮಾಡಿದ ಎಲೆಬಳ್ಳಿಯ ಚಿತ್ತಾರದ ಸ್ಟಾಕ್‌ಗಳ ಬಗ್ಗೆ ಒಂದು ಮಾತು. ಜಿಂಕೆಗಳಿಗೆ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ನಮಗೆ ಮೂರು. ಕಿತ್ತಳೆ ಅವಕ್ಕೆ ಎದ್ದು ಕಾಣುವುದಿಲ್ಲ, ಅಲುಗಾಟ ಮತ್ತು ಹೊಳಪು ಕಾಣುತ್ತದೆ. ಅಂದರೆ ಎಲೆ ಚಿತ್ತಾರದ ಸ್ಟಾಕ್ ಕಣ್ತಪ್ಪುವುದು ಪ್ರಾಣಿಗಿಂತ ಮೊದಲು ಅದನ್ನು ಹುಲ್ಲಿನಲ್ಲಿಟ್ಟು ನಾಲ್ಕು ಹೆಜ್ಜೆ ಹೋದ ಒಡೆಯನಿಗೇ. ನೀರಿನಲ್ಲಿ ತೇಲಿಸಿ ಅಂಟಿಸಿದ ಆ ಚಿತ್ರ ಹಿಡಿಕೆಯ ಅಂಚುಗಳಲ್ಲಿ ಮೊದಲು ಸವೆಯುತ್ತದೆ. ಇದಕ್ಕೆ ಎದುರಾಗಿ ಗುಲಾಬಿ, ತಿಳಿನೀಲಿ, ಹಳದಿ ಸ್ಟಾಕ್‌ಗಳೂ ಇವೆ. ಇದರಲ್ಲಿ ನನ್ನದು ಹಟದ ಅಭಿಪ್ರಾಯ: ಮಕ್ಕಳ ಕಣ್ಣಿಗೆ ಆಟಿಕೆಯಾಗಿ ಕಾಣುವ ಬಣ್ಣ ನಿಜವಾದ ರೈಫಲ್ ಮೇಲೆ ಇರಲೇಬಾರದು.

ಪ್ಲಾಸ್ಟಿಕ್‌ಗೆ ತಾವೇ ಬಣ್ಣ ಹೊಡೆಯುವವರು ಮೊದಲು ಸೋಪುನೀರಿನಿಂದ, ಆಮೇಲೆ ಸ್ಪಿರಿಟ್‌ನಿಂದ ಜಿಡ್ಡು ತೆಗೆಯಬೇಕು. ಅಸಿಟೋನ್ ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ, ಬೇಡ. 400 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಪ್ಲಾಸ್ಟಿಕ್‌ಗೆಂದೇ ಬರುವ ಪ್ರೈಮರ್ ಕೊಟ್ಟು, ದಪ್ಪ ಒಂದು ಲೇಪದ ಬದಲು ತೆಳುವಾಗಿ ಮೂರು ನಾಲ್ಕು ಲೇಪ. ಆ್ಯಕ್ಷನ್ ಕೂರುವ ಜಾಗಕ್ಕೆ ಟೇಪ್ ಅಂಟಿಸಿ, ಅಲ್ಲಿ ಬಣ್ಣದ ಪದರ ಸೇರಿದರೆ ಕೂರುವಿಕೆಯೇ ಬದಲಾಗುತ್ತದೆ. ಕೈಗೆ ಒಣಗಿದಂತೆ ಕಂಡರೂ ಒಂದು ವಾರ ಮುಟ್ಟದಿದ್ದರೆ ಒಳ್ಳೆಯದು. ಸೊಳ್ಳೆಗೆಂದು ಹಚ್ಚಿಕೊಳ್ಳುವ, ಡೀಟ್ ಇರುವ ಮುಲಾಮು ಬಣ್ಣವನ್ನೂ ವಾರ್ನಿಶನ್ನೂ ಮೆತ್ತಗಾಗಿಸುತ್ತದೆ. ಹೊಸ ಸ್ಟಾಕಿನ ಮೇಲೆ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಉಳಿದಿದ್ದರೆ ಕಾರಣ ಹೆಚ್ಚಾಗಿ ಅದೇ.

ಮರಕ್ಕೆ ಎಣ್ಣೆ ಕೊಡುವವರು ತಪ್ಪುವುದು ಕಾಣದ ಜಾಗಗಳಲ್ಲಿ. ಬಟ್ ಪ್ಲೇಟಿನ ಅಡಿ, ಸ್ಕ್ರೂ ರಂಧ್ರಗಳು, ಮ್ಯಾಗಜೀನಿನ ಗೂಡು, ನಳಿಗೆಯ ಕಾಲುವೆ ಬೋಳಾಗಿದ್ದರೆ ಹೊರಗೆ ಹತ್ತು ಲೇಪ ಕೊಟ್ಟೂ ಪ್ರಯೋಜನವಿಲ್ಲ, ತೇವ ಹಿಂಬಾಗಿಲಿನಿಂದ ಒಳಗೆ ಹೋಗುತ್ತದೆ. ಅಗಸೆ ಎಣ್ಣೆಯೊಂದೇ ತೇವವನ್ನು ಅಷ್ಟಾಗಿ ತಡೆಯುವುದೂ ಇಲ್ಲ, ಒಳಭಾಗಗಳಿಗೆ ಪಾಲಿಯುರೆಥೇನ್ ವಾಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಕೂರಿಸುವಾಗ ಸ್ಕ್ರೂಗಳ ಉದ್ದ ಪರೀಕ್ಷಿಸಿ. ಹೊಸ ಸ್ಟಾಕಿನ ಅಡಿ ತೆಳುವಾಗಿದ್ದರೆ ಹಳೆಯ ಮುಂಸ್ಕ್ರೂ ಮೇಲಕ್ಕೆ ಚಾಚಿ ಬೋಲ್ಟಿನ ಮುಂತುದಿಯ ಬೀಗದ ಚಾಚು, ಅಂದರೆ ಲಗ್‌ಗೆ ತಾಗುತ್ತದೆ, ಬೋಲ್ಟ್ ಬಿಗಿಯಾಗುತ್ತದೆ. ದೋಷ ಬೋಲ್ಟಿನದೆಂದು ತಿಳಿದು ಅದನ್ನು ಅರದಿಂದ ಉಜ್ಜಲು ಹೋದವರು ರೈಫಲ್ಲನ್ನೇ ಕೆಡಿಸಿಕೊಳ್ಳುತ್ತಾರೆ. ಬಿಗಿತಕ್ಕೆ ತಯಾರಕರು ಕೊಟ್ಟ ಅಂಕಿಯೇ ಕೊನೆಯ ಮಾತು. ಸಾಮಾನ್ಯವಾಗಿ ಒಳಗೆ ಸ್ಕ್ರೂ ಸುತ್ತ ಅಲ್ಯೂಮಿನಿಯಂ ಕೊಳವೆ (ಪಿಲ್ಲರ್) ಇದ್ದರೆ 65 ಇಂಚು-ಪೌಂಡ್, ಅಂದರೆ 7.3 ನ್ಯೂಟನ್ ಮೀಟರ್ ತನಕ. ಪಿಲ್ಲರ್ ಇಲ್ಲದ ಬರೀ ಮರಕ್ಕೆ ಅಷ್ಟು ಬೇಡ, 40 ಇಂಚು-ಪೌಂಡ್ ಸುತ್ತಮುತ್ತ ಸಾಕು, ಮೀರಿದರೆ ಮರ ನಜ್ಜಾಗುತ್ತದೆ. ಬಿಗಿ ಮಾಡಿದ ಮೇಲೆ ಬೆರಳ ತುದಿಯನ್ನು ಮುಂಭಾಗದ ಮರ ಮತ್ತು ನಳಿಗೆ ಎರಡಕ್ಕೂ ತಾಗುವಂತೆ ಇಟ್ಟು, ಮುಂಸ್ಕ್ರೂವನ್ನು ನಿಧಾನವಾಗಿ ಸಡಿಲಿಸಿ. ನಳಿಗೆ ಮೇಲೇಳುವುದು ಬೆರಳಿಗೆ ಗೊತ್ತಾದರೆ ಆ್ಯಕ್ಷನ್ ಸಮನಾಗಿ ಕೂತಿಲ್ಲ, ಸ್ಕ್ರೂ ಅದನ್ನು ಬಗ್ಗಿಸಿ ಹಿಡಿದಿದೆ ಎಂದರ್ಥ. ಅದಕ್ಕೆ ಎಪಾಕ್ಸಿ ಬೆಡ್ಡಿಂಗ್ ಆಗಬೇಕು, ಅಂದರೆ ಆ್ಯಕ್ಷನ್ ಕೂರುವ ಜಾಗವನ್ನು ಗಟ್ಟಿಯಾಗುವ ಅಂಟಿನಿಂದ ತುಂಬಿ ಸಮ ಮಾಡಬೇಕು. ಕೈಪಳಗದವರು ಅದನ್ನು ಗನ್‌ಸ್ಮಿತ್‌ಗೆ ಬಿಡುವುದು ಕ್ಷೇಮ. ಅಂಟದಂತೆ ತಡೆಯುವ ಲೇಪ ಒಂದು ಕಡೆ ಮರೆತರೂ ಸ್ಟಾಕ್ ಮತ್ತು ಆ್ಯಕ್ಷನ್ ಶಾಶ್ವತವಾಗಿ ಒಂದಾಗುತ್ತವೆ. ಕೊನೆಗೆ ಒಂದು ಹಣದ ನೋಟನ್ನು ನಳಿಗೆಯ ಕೆಳಗೆ ತೂರಿಸಿ ಹಿಂದಿನವರೆಗೂ ಎಳೆದು ನೋಡಿ, ಎಲ್ಲೂ ಸಿಕ್ಕಿಕೊಳ್ಳಬಾರದು.

ಹೊಸ ಸ್ಟಾಕ್ ಕೂರಿಸಿದ ಮೇಲೆ ಹಳೆಯ ಗುರಿ ಹಾಗೇ ಉಳಿದಿರುತ್ತದೆಂದು ನಂಬಬೇಡಿ, ರೇಂಜಿನಲ್ಲಿ ಹೊಡೆದು ನೋಡಿ ಗುರಿಯನ್ನು ಮತ್ತೆ ಹೊಂದಿಸಿಕೊಳ್ಳಬೇಕು. 20 ಗುಂಡುಗಳಾದ ಮೇಲೆ ಸ್ಕ್ರೂಗಳನ್ನು ಇನ್ನೊಮ್ಮೆ ಅಳತೆಗೆ ಬಿಗಿ ಮಾಡಿ. ಬಿಚ್ಚಿದ ಹಳೆಯ ಸ್ಟಾಕನ್ನು, ಅದರಲ್ಲೂ ಲೋಹದ ಮೇಲಿನ ನಂಬರನ್ನೇ ಮರದ ಮೇಲೂ ಒತ್ತಿರುವ ಹಳೆಯ ಸೈನಿಕ ರೈಫಲ್‌ನದನ್ನು, ಕೊಯ್ಯದೆ, ಬಣ್ಣ ಬಳಿಯದೆ, ಅದರದೇ ಸ್ಕ್ರೂಗಳ ಸಮೇತ ಒಂದು ಬಟ್ಟೆಯಲ್ಲಿ ಸುತ್ತಿ, ಹೆಸರು ಬರೆದು ಎತ್ತಿಡಿ.

ಇತಿ,
ಒಬ್ಬ ಓದುಗ